ರೈತರ ಲೆಕ್ಕ ಬರೆಯುವವರು ಯಾರ ಪರ?

ನೆದರ್ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಎರಡನೆಯ ತಲೆಮಾರು ಈಗ ವೃತ್ತಿಯ ಹೊಸ್ತಿಲಿಗೆ ಬಂದು ನಿಂತಿದೆ. ಆಮ್‌ಸ್ಟೆಲ್‌ವೇನ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಬೆಳೆದ ಮಕ್ಕಳ ಮುಂದೆ ಹೆತ್ತವರು ಇಡುವ ಆಯ್ಕೆಗಳು ಪರಿಚಿತವಾದವು: ಎಂಜಿನಿಯರಿಂಗ್, ವೈದ್ಯಕೀಯ, ಸಾಫ್ಟ್‌ವೇರ್. ಲೆಕ್ಕಪರಿಶೋಧನೆಯ ಮಾತು ಬಂದರೂ ಕಣ್ಣ ಮುಂದೆ ಮೂಡುವುದು ಆಮ್‌ಸ್ಟರ್‌ಡ್ಯಾಮಿನ ಗಾಜಿನ ಕಟ್ಟಡಗಳು ಮತ್ತು ಬಹುರಾಷ್ಟ್ರೀಯ ಸಂಸ್ಥೆಗಳ ಹೆಸರುಗಳು. ಇದೇ ದೇಶದ ಫ್ರೀಸ್‌ಲ್ಯಾಂಡ್, ಡ್ರೆಂಟೆ, ಬ್ರಬಾಂಟ್ ಪ್ರಾಂತ್ಯಗಳ ಸಣ್ಣ ಊರುಗಳಲ್ಲಿ ಹೈನುಗಾರರ, ಆಲೂಗಡ್ಡೆ ಬೆಳೆಗಾರರ, ಹಸಿರುಮನೆಯಲ್ಲಿ ಟೊಮ್ಯಾಟೊ ಬೆಳೆಯುವವರ ಲೆಕ್ಕಪತ್ರವನ್ನೇ ನೆಚ್ಚಿಕೊಂಡ ಕಚೇರಿಗಳಿವೆ ಎಂಬುದು ಬಹುತೇಕರ ಗಮನಕ್ಕೆ ಬರುವುದಿಲ್ಲ. ಅಲ್ಲಿಯೂ ಗೌರವವಿದೆ, ನೆಮ್ಮದಿಯ ಸಂಬಳವಿದೆ, ಏರಲು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕುಟುಂಬದ ಮುಂದಿನ ಮೂವತ್ತು ವರ್ಷಗಳ ಬದುಕನ್ನು ಪ್ರಭಾವಿಸುವ ಹೊಣೆಯಿದೆ.

ಈ ಹೊಣೆಯ ಸ್ವರೂಪವನ್ನು ತಿಳಿಯಬೇಕಾದರೆ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಡಚ್ ರೈತರ ಲೆಕ್ಕಿಗರು ವರ್ಷಕ್ಕೊಮ್ಮೆ ಲಾಭ–ನಷ್ಟದ ಪಟ್ಟಿ ತಯಾರಿಸಿ ತೆರಿಗೆ ಅರ್ಜಿ ತುಂಬಿದರೆ ಕೆಲಸ ಮುಗಿಯುವುದಿಲ್ಲ. ರೈತರಿಗಿದ್ದ ವಿಶೇಷ ವಿನಾಯಿತಿ ರದ್ದಾದ ಕಾರಣ 2018ರ ಜನವರಿಯಿಂದ ಬಹುತೇಕ ಕೃಷಿಕರು ಮೌಲ್ಯವರ್ಧಿತ ತೆರಿಗೆಯ ಲೆಕ್ಕ ಇಡಬೇಕಾಗಿದೆ. ಸಾಲ ಕೇಳುವ ಮುನ್ನ ಬ್ಯಾಂಕಿಗೆ ಕೊಡಬೇಕಾದ ಅಂದಾಜು, ಗೊಬ್ಬರದ ದಾಖಲೆ, ತಂದೆ–ತಾಯಿಯಿಂದ ಮಕ್ಕಳಿಗೆ ಜಮೀನು ಮತ್ತು ಕೊಟ್ಟಿಗೆ ಹಸ್ತಾಂತರಿಸುವ ಒಪ್ಪಂದ, ಕೃಷಿಯಲ್ಲಿ ಮುಂದುವರಿಯದ ಸೋದರ ಸೋದರಿಯರಿಗೆ ಸಲ್ಲಬೇಕಾದ ಪಾಲು ಎಲ್ಲವೂ ಅವರ ಮುಂದೆ ಬರುತ್ತವೆ. ಈ ಮಾತುಕತೆಗಳು ನಡೆಯುವುದು ಬಹಳಷ್ಟು ಸಲ ಕಚೇರಿಯಲ್ಲಲ್ಲ, ರೈತರ ಅಡುಗೆಮನೆಯ ಮೇಜಿನ ಸುತ್ತ. ಇಂಥ ಕಡೆ ಕೂರುವ ಲೆಕ್ಕಿಗರಿಗೆ ಅಂಕಿಗಳ ಜೊತೆಗೆ ಮನೆಯ ಮೌನಗಳೂ ಅರ್ಥವಾಗಬೇಕು. ಹೀಗಾಗಿ ಪ್ರಶ್ನೆ ಏಳುತ್ತದೆ: ಆ ಮೇಜಿನ ಬಳಿ ಕುಳಿತವರು ಯಾರಿಗೆ ಉತ್ತರದಾಯಿಗಳು? ರೈತರಿಗೋ, ಸಾಲ ಕೊಟ್ಟ ಬ್ಯಾಂಕಿಗೋ, ತೆರಿಗೆ ಕೇಳುವ ಸರ್ಕಾರಕ್ಕೋ? ಗ್ರಾಮೀಣ ಲೆಕ್ಕಪತ್ರದ ವೃತ್ತಿ ಸಾರ್ಥಕವಾಗುವುದೂ ಬರಿದಾಗುವುದೂ ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಅವಲಂಬಿಸಿದೆ.

ಡಚ್ ರೈತರು ಒಂದು ಕಾಲದಲ್ಲಿ ಇದಕ್ಕೆ ತಾವೇ ಉತ್ತರ ಕಂಡುಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಅಗ್ಗದ ಧಾನ್ಯ ಯೂರೋಪಿನ ಮಾರುಕಟ್ಟೆಗೆ ನುಗ್ಗಿ ಸಣ್ಣ ರೈತರ ಬೆನ್ನು ಮುರಿದಿತ್ತು. ಆಗ ಬ್ರಬಾಂಟಿನಲ್ಲಿ ಪಾದ್ರಿ ಖೆರ್ಲಾಕುಸ್ ವಾನ್ ಡೆನ್ ಎಲ್ಸೆನ್ ಅವರ ಮುಂದಾಳತ್ವದಲ್ಲಿ 1896ರಲ್ಲಿ ರೈತ ಸಂಘ ಹುಟ್ಟಿತು. ಜರ್ಮನಿಯ ರೈಫೈಸನ್ ಮಾದರಿಯಲ್ಲಿ ಹಳ್ಳಿ ಹಳ್ಳಿಗಳಲ್ಲಿ ಪತ್ತಿನ ಸಂಘಗಳು ಎದ್ದವು. 1898ರಲ್ಲಿ ಉಟ್ರೆಖ್ಟ್ ಮತ್ತು ಐಂಡ್‌ಹೋವನ್‌ಗಳಲ್ಲಿ ಅವುಗಳ ಎರಡು ಕೇಂದ್ರ ಬ್ಯಾಂಕುಗಳು ಸ್ಥಾಪನೆಯಾದವು. 1972ರಲ್ಲಿ ಅವೆರಡೂ ಸೇರಿ ಇಂದಿನ ರಾಬೋಬ್ಯಾಂಕ್ ಆಯಿತು. ಆ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬರ ಹೊಲವೂ ಮುಳುಗುತ್ತಿತ್ತು. ಆದ್ದರಿಂದ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು ಊರಿನ ಎಲ್ಲರಿಗೂ ಸೇರಿದ ವಿಷಯವಾಯಿತು. 1914ರ ಆದಾಯ ತೆರಿಗೆ ಕಾನೂನು ಮತ್ತು ಮೊದಲ ಮಹಾಯುದ್ಧದ ಕಾಲದ ತೆರಿಗೆಗಳು ಬಂದ ಮೇಲೆ ರೈತ ಸಂಘಗಳು ತಮ್ಮದೇ ಲೆಕ್ಕಪತ್ರ ಕಚೇರಿಗಳನ್ನು ತೆರೆದವು. ಇಂದು ಡಚ್ ಗ್ರಾಮೀಣ ಪ್ರದೇಶದಲ್ಲಿ ಹೆಸರಾದ ಹಲವು ಲೆಕ್ಕಪರಿಶೋಧನಾ ಸಂಸ್ಥೆಗಳ ಬೇರು ಆ ಕಚೇರಿಗಳಲ್ಲಿದೆ. ರೈತರು ತಮ್ಮ ಲೆಕ್ಕಿಗರನ್ನು ತಾವೇ ನೇಮಿಸಿಕೊಂಡ ಕಥೆ ಇದು.

ಅದೇ ಬೀಜ ಕನ್ನಡ ನೆಲಕ್ಕೂ ಬಂದಿತ್ತು, ಅದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಮದ್ರಾಸ್ ಸರ್ಕಾರಕ್ಕಾಗಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಯೂರೋಪಿನ ಕೃಷಿ ಬ್ಯಾಂಕುಗಳನ್ನು ಅಧ್ಯಯನ ಮಾಡಿ ರೈಫೈಸನ್ ಮಾದರಿಯನ್ನೇ ಎತ್ತಿಹಿಡಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಐಂಡ್‌ಹೋವನ್‌ಗೂ ಕಣಗಿನಹಾಳಕ್ಕೂ ನಡುವೆ ಇದ್ದ ಅಂತರ ಕೇವಲ ಏಳು ವರ್ಷ. ಅಲ್ಲಿಂದ ಮುಂದೆ ದಾರಿಗಳು ಕವಲೊಡೆದವು. ಅಲ್ಲಿ ಪತ್ತಿನ ಸಂಘದ ಬೆನ್ನಿಗೇ ರೈತರ ಲೆಕ್ಕದ ಕಚೇರಿಯೂ ಬಂತು. ಇಲ್ಲಿ ಸಂಘ ಬೆಳೆಯಿತು, ಆದರೆ ಹೊಲದ ಲೆಕ್ಕ ಬರೆಯುವವರು ಬರಲಿಲ್ಲ.

ಕನ್ನಡದ ಹಳ್ಳಿಗಳಲ್ಲಿ ಲೆಕ್ಕಿಗರು ಇರಲಿಲ್ಲವೆಂದಲ್ಲ. ಇದ್ದವರು ಬೇರೆಯವರ ಲೆಕ್ಕ ಬರೆದರು. ಶಾನುಭೋಗರ ಕಡತ ಕಂದಾಯಕ್ಕಾಗಿ ಇತ್ತು. ಯಾರ ಹೊಲ ಎಷ್ಟು, ಯಾವ ಬೆಳೆ, ಎಷ್ಟು ಕಿಸ್ತು ಬಾಕಿ ಎಂಬುದು ಅಲ್ಲಿತ್ತು. ಬಿತ್ತನೆಗೆ ಎಷ್ಟು ಖರ್ಚಾಯಿತು, ಬೆಲೆ ಬಿದ್ದಾಗ ಎಷ್ಟು ಕೈಬಿಟ್ಟಿತು ಎಂಬುದು ಇರಲಿಲ್ಲ. ಆ ಹುದ್ದೆ ವಂಶಪಾರಂಪರ್ಯವಾಗಿದ್ದರಿಂದ ಅಕ್ಷರದ ಜೊತೆಗೆ ಜಾತಿಯ ಅಧಿಕಾರವೂ ಆ ಕಡತದೊಳಗೆ ಕುಳಿತಿತ್ತು. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿ ಗ್ರಾಮ ಲೆಕ್ಕಿಗರನ್ನು ತಂದಿತು. ಇತ್ತೀಚೆಗೆ ಅವರ ಹೆಸರು ಗ್ರಾಮ ಆಡಳಿತಾಧಿಕಾರಿ ಎಂದು ಬದಲಾಯಿತು. ಹೆಸರು ಬದಲಾದರೂ ಲೆಕ್ಕ ಸರ್ಕಾರದ್ದೇ. ಸಾಹುಕಾರರ ಖಾತೆ ಸಾಹುಕಾರರದ್ದು, ಬ್ಯಾಂಕಿನ ಲೆಡ್ಜರ್ ಬ್ಯಾಂಕಿನದ್ದು, ಮಂಡಿಯ ಚೀಟಿ ದಲ್ಲಾಳಿಯದ್ದು. ರೈತರು ಈ ಎಲ್ಲ ಪುಸ್ತಕಗಳಲ್ಲೂ ಹೆಸರಾಗಿ ಇದ್ದಾರೆ. ಅವರದ್ದೇ ಎನ್ನಬಹುದಾದ ಪುಸ್ತಕ ಮಾತ್ರ ಬಹುತೇಕ ಮನೆಗಳಲ್ಲಿ ಇಲ್ಲ.

ಇದಕ್ಕೆ ಒಂದು ವಿಚಿತ್ರ ಕಾರಣವೂ ಸೇರಿಕೊಂಡಿದೆ. ಭಾರತದ 1961ರ ಆದಾಯ ತೆರಿಗೆ ಕಾನೂನು ಕೃಷಿ ಆದಾಯಕ್ಕೆ ವಿನಾಯಿತಿ ನೀಡಿತು. ಸಣ್ಣ ರೈತರಿಗೆ ಅದು ನ್ಯಾಯವಾದ ರಕ್ಷಣೆ; ಅದನ್ನು ಕಿತ್ತುಕೊಳ್ಳಬೇಕೆಂದು ವಾದಿಸಲು ಕಾರಣವಿಲ್ಲ. ಆದರೆ ತೆರಿಗೆ ಕೇಳುವವರಿಲ್ಲದ ಕಾರಣ ಲೆಕ್ಕ ಕೇಳುವವರೂ ಇಲ್ಲವಾದರು. ಲಾಭವನ್ನು ಬರೆಯಬೇಕಾಗಿಲ್ಲದ ಕಡೆ ನಷ್ಟವೂ ಬರಹಕ್ಕೆ ಬರಲಿಲ್ಲ. ಸಾಲ ಮನ್ನಾದ ಕಾಲದಲ್ಲಿ, ಬೆಳೆ ವಿಮೆಯ ಕಾಲದಲ್ಲಿ, ಬರ ಪರಿಹಾರದ ಕಾಲದಲ್ಲಿ ರೈತರ ಮಾತಿಗೆ ದಾಖಲೆಯಾಗಿ ನಿಲ್ಲುವುದು ಪಹಣಿ ಮತ್ತು ಪಾಸ್‌ಬುಕ್ ಮಾತ್ರ. ಎರಡನ್ನೂ ಬರೆದವರು ಬೇರೆಯವರು.

ರೈತರು ಇದನ್ನು ಅರಿಯದೆ ಇರಲಿಲ್ಲ. 1980ರಲ್ಲಿ ನರಗುಂದ–ನವಲಗುಂದದ ರೈತರು ಎದ್ದು ನಿಂತದ್ದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ. ನೀರು ಹರಿದಿದೆ, ಜಮೀನಿನ ಬೆಲೆ ಏರಿದೆ, ಆದ್ದರಿಂದ ಹಣ ಕಟ್ಟಿ ಎಂದು ಸರ್ಕಾರದ ಲೆಕ್ಕ ಹೇಳಿತು. ಹೊಲದಲ್ಲಿ ನಿಂತವರ ಲೆಕ್ಕ ಬೇರೆಯಾಗಿತ್ತು. ಆ ಹೋರಾಟದ ಹಿನ್ನೆಲೆಯಲ್ಲಿ ಬೆಳೆದ ಕರ್ನಾಟಕ ರಾಜ್ಯ ರೈತ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೃಷಿ ಉತ್ಪನ್ನಕ್ಕೆ ನ್ಯಾಯವಾದ ಬೆಲೆ ಕೊಡದೆ ದಶಕಗಳ ಕಾಲ ಹಿಡಿದಿಟ್ಟುಕೊಂಡ ಹಣವನ್ನು ಎಣಿಸಿದರೆ ಸಾಲಗಾರರು ರೈತರಲ್ಲ, ಸರ್ಕಾರವೇ ಸಾಲಗಾರ ಎಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರು ವಾದಿಸಿದರು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಇದನ್ನು ರಾಜಕೀಯ ಘೋಷಣೆ ಎಂದು ಮಾತ್ರ ಓದುವುದು ಸಾಲದು. ಜಮಾ ಮತ್ತು ಖರ್ಚಿನ ಅಂಕಣಗಳನ್ನು ತಿರುಗಿಸಿ ಬರೆದ ಲೆಕ್ಕವೂ ಅದಾಗಿತ್ತು. ಆ ವಾದವನ್ನು ಮನೆ ಮನೆಯ ಪುಸ್ತಕಗಳಿಂದ, ವರ್ಷ ವರ್ಷದ ಅಂಕಿಗಳಿಂದ ಬೆಂಬಲಿಸಬಲ್ಲ ಲೆಕ್ಕಿಗರ ಪಡೆ ಮಾತ್ರ ರೈತರ ಜೊತೆಗೆ ಇರಲಿಲ್ಲ.

ಆ ಕೊರತೆ ಇಂದಿಗೂ ಉಳಿದಿದೆ. ಕನಿಷ್ಠ ಬೆಂಬಲ ಬೆಲೆಯ ಚರ್ಚೆ ಸುತ್ತುವುದು ಯಾವ ಖರ್ಚನ್ನು ಖರ್ಚೆಂದು ಒಪ್ಪಬೇಕು ಎಂಬುದರ ಸುತ್ತಲೇ. ಕೈಯಿಂದ ಕೊಟ್ಟ ಹಣ ಎ2. ಅದಕ್ಕೆ ಮನೆಯವರ ದುಡಿಮೆಯ ಮೌಲ್ಯ ಸೇರಿದರೆ ಎ2 ಮತ್ತು ಎಫ್‌ಎಲ್. ಸ್ವಂತ ಜಮೀನಿನ ಬಾಡಿಗೆ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ಸಿ2. ಸರ್ಕಾರ 2018ರಿಂದ ಎರಡನೆಯದನ್ನು ಆಧಾರವಾಗಿಟ್ಟುಕೊಂಡು ಒಂದೂವರೆ ಪಟ್ಟು ಬೆಲೆ ಕೊಡುತ್ತಿರುವುದಾಗಿ ಹೇಳುತ್ತದೆ. ರೈತ ಸಂಘಟನೆಗಳು ಮೂರನೆಯದನ್ನು ಕೇಳುತ್ತವೆ. 2018–19ರ ಕೃಷಿ ವರ್ಷದ ಬಗೆಗಿನ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯವನ್ನು 10,218 ರೂಪಾಯಿ ಎಂದಿತು. ಅದೇ ಸಮೀಕ್ಷೆ, ಹಣ ಕೊಡದೆ ಮನೆಯಿಂದಲೇ ಬಳಸಿದ ವಸ್ತುಗಳ ಬೆಲೆಯನ್ನೂ ಖರ್ಚಿಗೆ ಹಾಕಿದಾಗ, 8,337 ರೂಪಾಯಿ ಎಂದಿತು. ಕುಟುಂಬ ಅದೇ, ಹೊಲ ಅದೇ; ಲೆಕ್ಕದ ವಿಧಾನ ಬದಲಾದ ಮಾತ್ರಕ್ಕೆ 1,881 ರೂಪಾಯಿ ಮಾಯವಾಯಿತು. ಆ ಆದಾಯದಲ್ಲೂ ಬೆಳೆಯಿಂದ ಬಂದದ್ದಕ್ಕಿಂತ ಕೂಲಿಯಿಂದ ಬಂದದ್ದೇ ಹೆಚ್ಚು.

ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಕನ್ನಡದ ಮಾತು ಯಾರಿಗಾದರೂ ಅಕ್ಷರಶಃ ಸಲ್ಲುವುದಾದರೆ ಅದು ರೈತ ಮಹಿಳೆಯರಿಗೆ. ನಾಟಿ, ಕಳೆ, ಕೊಯ್ಲು, ಹಾಲು ಕರೆಯುವುದು, ಕೊಟ್ಟಿಗೆ ಬಾಚುವುದು ಅವರ ಪಾಲಿನ ಆಟ. ಪಹಣಿಯಲ್ಲಿ, ಸೊಸೈಟಿಯ ಸದಸ್ಯತ್ವದಲ್ಲಿ, ಸಾಲದ ಅರ್ಜಿಯಲ್ಲಿ ಹೆಸರು ಹೆಚ್ಚಾಗಿ ಗಂಡಸರದ್ದು. ಈ ವಿಷಯದಲ್ಲಿ ಡಚ್ ಅನುಭವ ಗಮನಾರ್ಹ. ಅಲ್ಲಿ ಗಂಡ–ಹೆಂಡತಿ ಇಬ್ಬರನ್ನೂ ಪಾಲುದಾರರನ್ನಾಗಿಸುವ ಕೃಷಿ ಪಾಲುದಾರಿಕೆ ಇಂದು ಸಾಮಾನ್ಯ. ಸ್ವಯಂ ಉದ್ಯೋಗಿಗಳಿಗೆ ಸಿಗುವ ತೆರಿಗೆ ರಿಯಾಯಿತಿಗೆ ವರ್ಷಕ್ಕೆ 1,225 ಗಂಟೆಗಳ ದುಡಿಮೆ ತೋರಿಸಬೇಕೆಂಬ ನಿಯಮವಿದೆ. ಇಬ್ಬರೂ ಪಾಲುದಾರರಾದರೆ ಇಬ್ಬರ ಗಂಟೆಗಳೂ ಎಣಿಕೆಗೆ ಬರುತ್ತವೆ. ಲೆಕ್ಕಿಗರು ಇದನ್ನು ಸೂಚಿಸಲು ತೆರಿಗೆಯ ಅನುಕೂಲ ದೊಡ್ಡ ಕಾರಣವಾಗಿದ್ದಿರಬಹುದು. ಫಲ ಮಾತ್ರ ಅದಕ್ಕಿಂತ ದೊಡ್ಡದು: ಕೊಟ್ಟಿಗೆಯಲ್ಲಿ ದುಡಿದವರ ಹೆಸರಿನಲ್ಲಿ ಬಂಡವಾಳದ ಖಾತೆಯೊಂದು ತೆರೆದುಕೊಂಡಿತು. ವಿಚ್ಛೇದನವಾದರೂ ಗಂಡ ತೀರಿಕೊಂಡರೂ ಆ ಖಾತೆ ಮಾತಾಡುತ್ತದೆ. ಒಂದು ಸಾಲು ಬರೆಯುವುದು ಎಷ್ಟು ದೊಡ್ಡ ಸಾಮಾಜಿಕ ಕೃತ್ಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಹಾಗೆಂದು ಡಚ್ ಮಾದರಿಯನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಒಳ್ಳೆಯ ಪುಸ್ತಕಗಳಿದ್ದೂ ಆ ದೇಶದ ರೈತರು ಉಳಿಯಲಿಲ್ಲ. 2000ದಲ್ಲಿ ಸುಮಾರು 97 ಸಾವಿರವಿದ್ದ ಕೃಷಿ ಘಟಕಗಳು ಇಂದು ಸುಮಾರು 50 ಸಾವಿರಕ್ಕೆ ಇಳಿದಿವೆ. ಹೆಚ್ಚು ಹಸು, ದೊಡ್ಡ ಕೊಟ್ಟಿಗೆ, ಅದಕ್ಕೆ ತಕ್ಕ ಸಾಲ ಎಂಬ ದಾರಿಯನ್ನು ಲಾಭ–ನಷ್ಟದ ಪಟ್ಟಿಗಳೂ ಸಮರ್ಥಿಸಿದವು. ಆ ಪಟ್ಟಿಗಳಲ್ಲಿ ಮಣ್ಣಿಗೆ, ನೀರಿಗೆ, ಗಾಳಿಗೆ ಅಂಕಣವಿರಲಿಲ್ಲ. 1998ರಲ್ಲಿ ಸರ್ಕಾರ ಖನಿಜಗಳ ಲೆಕ್ಕಪದ್ಧತಿಯೊಂದನ್ನು ತಂದಿತು: ಮೇವು ಮತ್ತು ಗೊಬ್ಬರದ ಮೂಲಕ ಒಳಬಂದ ಸಾರಜನಕ, ರಂಜಕ ಎಷ್ಟು, ಹಾಲು, ಮಾಂಸ ಮತ್ತು ಬೆಳೆಯ ಮೂಲಕ ಹೊರಹೋದದ್ದೆಷ್ಟು, ಉಳಿದು ಮಣ್ಣಿಗೆ ಸೇರಿದ್ದೆಷ್ಟು ಎಂದು ಬರೆದು, ಮಿತಿ ಮೀರಿದರೆ ದಂಡ ತೆರಬೇಕಿತ್ತು. ಯೂರೋಪಿನ ನೈಟ್ರೇಟ್ ನಿರ್ದೇಶನವನ್ನು ಈ ಪದ್ಧತಿ ಪೂರೈಸುವುದಿಲ್ಲವೆಂದು ಯೂರೋಪಿನ ನ್ಯಾಯಾಲಯ 2003ರಲ್ಲಿ ತೀರ್ಪಿತ್ತ ಮೇಲೆ 2006ರಲ್ಲಿ ಬೇರೆ ನಿಯಮಗಳು ಬಂದವು. 2015ರ ಏಪ್ರಿಲ್‌ನಲ್ಲಿ ಹಾಲಿನ ಕೋಟಾ ರದ್ದಾಗುವುದೆಂದು ನಂಬಿ ಎಷ್ಟೋ ಹೈನುಗಾರರು ಸಾಲ ಮಾಡಿ ಕೊಟ್ಟಿಗೆ ಹಿಗ್ಗಿಸಿದರು. ರಂಜಕದ ಮಿತಿ ಮೀರಿತು. 2018ರಲ್ಲಿ ಬಂದ ಫಾಸ್ಫೇಟ್ ಹಕ್ಕುಗಳನ್ನು 2015ರ ಜುಲೈ 2ರಂದು ಇದ್ದ ಹಸುಗಳ ಸಂಖ್ಯೆಯ ಮೇಲೆ ಹಂಚಲಾಯಿತು. ಆ ದಿನಾಂಕದ ಹೊತ್ತಿಗೆ ಹೊಸ ಕೊಟ್ಟಿಗೆ ತುಂಬಿರದವರ ಬಳಿ ಖಾಲಿ ಜಾಗವೂ ಪೂರ್ತಿ ಸಾಲವೂ ಉಳಿದವು.

ಮುಂದಿನದು ಬೀದಿಗೆ ಬಂತು. 2019ರ ಮೇ 29ರಂದು ಸರ್ಕಾರದ ಸಾರಜನಕ ಯೋಜನೆಯನ್ನು ದೇಶದ ಉನ್ನತ ಆಡಳಿತಾತ್ಮಕ ನ್ಯಾಯಾಲಯ ತಳ್ಳಿಹಾಕಿತು. ಅಕ್ಟೋಬರ್ 1ರಂದು ಸಾವಿರಾರು ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ನುಗ್ಗಿದವು. ಕೆಲವೇ ದಿನಗಳಲ್ಲಿ ರೈತರು ಬಿಲ್ಟ್‌ಹೋವನ್‌ನಲ್ಲಿ ರಾಷ್ಟ್ರೀಯ ಆರೋಗ್ಯ ಮತ್ತು ಪರಿಸರ ಸಂಸ್ಥೆಯ ಮುಂದೆ ನಿಂತರು, ಅಲ್ಲಿನ ಲೆಕ್ಕವನ್ನೇ ಪ್ರಶ್ನಿಸಿದರು. 2020ರಲ್ಲಿ ಪರಿಶೀಲನಾ ಸಮಿತಿಯೊಂದು, ವಿಧಾನ ಒಟ್ಟಾರೆ ವಿಶ್ವಾಸಾರ್ಹ, ಆದರೆ ಸ್ಥಳೀಯ ಮಟ್ಟದ ನಿಖರತೆ ಸಾಲದು ಎಂದಿತು. ಆ ಚಳವಳಿಯ ರಾಜಕೀಯವನ್ನು ಪ್ರಗತಿಪರರು ಒಪ್ಪಬೇಕೆಂದಿಲ್ಲ. ಅದರೊಳಗೆ ಪರಿಸರದ ಸತ್ಯವನ್ನೇ ಅಲ್ಲಗಳೆಯುವ ದನಿಗಳೂ ಇದ್ದವು. ಆದರೂ ನರಗುಂದಕ್ಕೂ ಹೇಗ್‌ಗೂ ಒಂದು ಎಳೆ ಸಾಮಾನ್ಯ. ತಮ್ಮ ಪಾಲಿಗೆ ಅರ್ಥವಾಗದ, ತಮ್ಮ ಕೈಗೆ ಸಿಗದ ಲೆಕ್ಕವೊಂದು ತಮ್ಮ ಬದುಕನ್ನು ತೀರ್ಮಾನಿಸಿದಾಗ ಜನ ಆ ಲೆಕ್ಕವನ್ನೇ ನಂಬದಾಗುತ್ತಾರೆ. ಆಗ ಸರಿಯಾದ ಅಂಕಿಗೂ ಬೆಲೆಯಿರುವುದಿಲ್ಲ.

ಈ ಅಪನಂಬಿಕೆಗೆ ಮದ್ದೂ ಲೆಕ್ಕದ ಪದ್ಧತಿಯಲ್ಲೇ ಇದೆ. ಯೂರೋಪಿನ ಆರ್ಥಿಕ ಸಮುದಾಯ 1965ರಲ್ಲಿ ಕೃಷಿ ಲೆಕ್ಕಪತ್ರಗಳ ಜಾಲವೊಂದನ್ನು ಸ್ಥಾಪಿಸಿದಾಗ, ಒಂದು ಹೊಲದ ಅಂಕಿಗಳನ್ನು ತೆರಿಗೆ ವಸೂಲಿಗೆ ಬಳಸಕೂಡದು ಎಂದು ನಿಯಮದಲ್ಲೇ ಬರೆಯಿತು. ನೆದರ್ಲ್ಯಾಂಡ್ಸ್‌ನಲ್ಲಿ ಈ ಕೆಲಸವನ್ನು 1940ರಲ್ಲಿ ಹುಟ್ಟಿದ ಕೃಷಿ ಆರ್ಥಿಕ ಸಂಸ್ಥೆ ವಹಿಸಿಕೊಂಡಿತು; ಅದೀಗ ವಾಖೆನಿಂಗೆನ್ ವಿಶ್ವವಿದ್ಯಾಲಯದ ಭಾಗ. ಸುಮಾರು 1,500 ಘಟಕಗಳ ಲೆಕ್ಕ ಅಲ್ಲಿ ಸೇರುತ್ತದೆ. ರೈತರು ಸ್ವಇಚ್ಛೆಯಿಂದ ಪುಸ್ತಕ ತೆರೆದಿಡುತ್ತಾರೆ; ಪ್ರತಿಯಾಗಿ ತಮ್ಮಂಥವರ ನಡುವೆ ತಾವು ಎಲ್ಲಿ ನಿಂತಿದ್ದೇವೆ ಎಂಬ ಹೋಲಿಕೆ ಅವರಿಗೆ ಸಿಗುತ್ತದೆ. 2023ರಲ್ಲಿ ಯೂರೋಪಿನ ಒಕ್ಕೂಟ ಈ ಜಾಲವನ್ನು ವಿಸ್ತರಿಸಿ, ಹಣದ ಜೊತೆಗೆ ಪರಿಸರ ಮತ್ತು ದುಡಿಯುವವರ ಸ್ಥಿತಿಗತಿಯ ಅಂಕಿಗಳನ್ನೂ ಸೇರಿಸಲು ಒಪ್ಪಿತು. ಅರ್ಧ ಶತಮಾನ ತಡವಾಗಿಯಾದರೂ ಮಣ್ಣಿಗೆ ಅಂಕಣ ದೊರೆಯುತ್ತಿದೆ. ಮುಂದಿನ ತಲೆಮಾರಿನ ಗ್ರಾಮೀಣ ಲೆಕ್ಕಿಗರು ಸಾಲದ ಜೊತೆಗೆ ಸಾರಜನಕವನ್ನೂ ಓದಬಲ್ಲವರಾಗಬೇಕು.

ಇಷ್ಟನ್ನೂ ಮುಂದಿಟ್ಟುಕೊಂಡು ಕರ್ನಾಟಕದತ್ತ ತಿರುಗಿದರೆ, ಕೆಲಸ ಕಾದು ಕುಳಿತಿರುವುದು ಕಾಣುತ್ತದೆ. 2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದಲ್ಲಿ 86 ಲಕ್ಷಕ್ಕೂ ಹೆಚ್ಚು ಹಿಡುವಳಿಗಳಿವೆ. ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್. ಇಷ್ಟು ಸಣ್ಣ ಹಿಡುವಳಿ ಒಬ್ಬ ಚಾರ್ಟರ್ಡ್ ಅಕೌಂಟೆಂಟರ ಶುಲ್ಕ ಹೊರಲಾರದು ಎಂಬ ಆಕ್ಷೇಪ ನಿಜ. ಒಂಟಿ ಡಚ್ ಸಣ್ಣ ರೈತರೂ ಆ ಕಾಲದಲ್ಲಿ ಅದನ್ನು ಹೊರಲಾರರಾಗಿದ್ದರು; ಸಂಘ ಹೊತ್ತಿತು. ಕರ್ನಾಟಕದಲ್ಲಿ ಹೊರಬಲ್ಲ ಹೆಗಲುಗಳು ಇವೆ: ಹಾಲು ಉತ್ಪಾದಕರ ಸಂಘಗಳು, ಕೃಷಿ ಪತ್ತಿನ ಸೊಸೈಟಿಗಳು, ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೋದಂಥ ಸಂಸ್ಥೆಗಳು, ಮತ್ತು ಈಗಿನ ರೈತ ಉತ್ಪಾದಕರ ಕಂಪನಿಗಳು. ಹತ್ತು ಸಾವಿರ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ 2020ರ ಯೋಜನೆ ಪ್ರತಿ ಸಂಸ್ಥೆಗೂ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ಆಡಳಿತ ವೆಚ್ಚ ಕೊಡುತ್ತದೆ. ಉತ್ಪಾದಕರ ಕಂಪನಿಗೆ ಚಾರ್ಟರ್ಡ್ ಅಕೌಂಟೆಂಟರಿಂದ ಆಂತರಿಕ ಲೆಕ್ಕಪರಿಶೋಧನೆ ಕಡ್ಡಾಯವೆಂದು ಕಾನೂನೂ ಹೇಳುತ್ತದೆ. ಆದರೆ ನಾಲ್ಕನೆಯ ವರ್ಷ ಅನುದಾನ ನಿಂತಾಗ ಏನು? ಕಾಗದದ ಮೇಲೆ ಸಹಿ ಹಾಕಿ ಹೋಗುವ ಪರಿಶೋಧಕರಿದ್ದರೆ ಸಂಸ್ಥೆ ಬೀಗ ಹಾಕುತ್ತದೆ. ಯಾವ ವ್ಯವಹಾರದಲ್ಲಿ ಹಣ ಸೋರುತ್ತಿದೆ ಎಂದು ಮಹಾಸಭೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದರೆ ಉಳಿಯುವ ದಾರಿ ಹುಡುಕಿಕೊಳ್ಳುತ್ತದೆ.

ಆದ್ದರಿಂದ ಆಗಬೇಕಾದದ್ದು ಸ್ಪಷ್ಟ. ಒಂದು ತಾಲ್ಲೂಕಿನ ಹತ್ತಾರು ಸಂಘಗಳು, ಕಂಪನಿಗಳು ಸೇರಿ ಒಂದು ಲೆಕ್ಕಪತ್ರ ಕಚೇರಿಯನ್ನು ತಮ್ಮದೆಂದು ಕಟ್ಟಿಕೊಳ್ಳಬೇಕು. ಸಂಘದ ಲೆಕ್ಕದ ಜೊತೆಗೆ ಇಷ್ಟಪಡುವ ಸದಸ್ಯರ ಮನೆಯ ಹೊಲದ ಲೆಕ್ಕವನ್ನೂ ಅದು ಬರೆಯಬೇಕು. ಆ ಅಂಕಿಗಳು ಸದಸ್ಯರ ಒಪ್ಪಿಗೆಯಿಲ್ಲದೆ ಬ್ಯಾಂಕಿಗಾಗಲಿ ಸರ್ಕಾರಕ್ಕಾಗಲಿ ಹೋಗಕೂಡದೆಂದು ಕಾನೂನು ಭದ್ರತೆ ಕೊಡಬೇಕು. ಪುಸ್ತಕ ಕನ್ನಡದಲ್ಲಿರಬೇಕು, ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಅದರಲ್ಲಿ ಅಂಕಣವಿರಬೇಕು. ಲೆಕ್ಕಪರಿಶೋಧನೆ ಕಲಿಯುವ ವಿದ್ಯಾರ್ಥಿಗಳ ಆರ್ಟಿಕಲ್‌ಶಿಪ್‌ನ ಕೆಲವು ತಿಂಗಳುಗಳಾದರೂ ಇಂಥ ಕಚೇರಿಗಳಲ್ಲಿ ಕಳೆಯುವಂತಾಗಬೇಕು. ಸೊಸೈಟಿಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಯಂತ್ರ ಕೂಡಿ ಕಳೆಯುವ ಶ್ರಮ ತಗ್ಗಿಸುತ್ತದೆ, ಆದರೆ ಈ ವರ್ಷ ಸಾಲ ಮಾಡುವುದು ಬೇಡ ಎಂದು ರೈತರ ಮುಖ ನೋಡಿ ಹೇಳುವ ಧೈರ್ಯ ಅದಕ್ಕಿಲ್ಲ. ಆ ಮಾತಿಗಾಗಿ ತರಬೇತಾದ ಮನುಷ್ಯರು ಬೇಕು, ಅವರಿಗೆ ಮರ್ಯಾದೆಯ ಸಂಬಳವೂ ಬೇಕು. ಸೇವೆಯ ಹೆಸರಿನಲ್ಲಿ ಕಡಿಮೆ ಕೂಲಿಗೆ ದುಡಿಸಿಕೊಂಡ ಲೆಕ್ಕಿಗರು ಹೆಚ್ಚು ದಿನ ಸ್ವತಂತ್ರರಾಗಿ ಉಳಿಯಲಾರರು.

ನೆದರ್ಲ್ಯಾಂಡ್ಸ್‌ನ ಕನ್ನಡಿಗರ ಪಾಲು ಇಲ್ಲಿ ದೇಣಿಗೆ ಕಳಿಸುವುದಕ್ಕೆ ಮುಗಿಯಬಾರದು. ಡಚ್ ಕಲಿತು, ಅಲ್ಲಿನ ಲೆಕ್ಕಪರಿಶೋಧಕರ ಅರ್ಹತೆ ಪಡೆದು, ಹಳ್ಳಿಯ ಕಚೇರಿಯೊಂದರಲ್ಲಿ ಹತ್ತು ವರ್ಷ ದುಡಿದವರು ಎರಡು ಸಮಾಜಗಳಿಗೂ ಬೇಕಾದವರಾಗುತ್ತಾರೆ. ಭಾಷೆ ಸುಲಭವಲ್ಲ, ಫ್ರೀಸ್‌ಲ್ಯಾಂಡಿನ ರೈತರು ಹೊಸಬರ ಮುಂದೆ ಬೇಗ ಮನ ಬಿಚ್ಚುವುದೂ ಇಲ್ಲ. ಆದರೆ ಹೆತ್ತವರೋ ಅಜ್ಜ ಅಜ್ಜಿಯರೋ ಹೊಲ ಉತ್ತ ಮನೆಗಳಿಂದ ಬಂದವರಿಗೆ ಮಳೆಯ, ಬೆಲೆಯ, ಸಾಲದ ಮಾತು ಯಾವ ಭಾಷೆಯಲ್ಲಿದ್ದರೂ ಪೂರ್ತಿ ಅಪರಿಚಿತವಲ್ಲ. ಅವರು ಕಲಿತು ತರಬಹುದಾದದ್ದು ಲೆಕ್ಕದ ತಂತ್ರಾಂಶವಲ್ಲ, ರೈತರು ನೇಮಿಸಿದ ಮತ್ತು ರೈತರು ಪ್ರಶ್ನಿಸಬಲ್ಲ ಲೆಕ್ಕಿಗರು ಹೇಗಿರುತ್ತಾರೆ ಎಂಬ ಅನುಭವ. ಅದರ ಜೊತೆಗೇ, ಆ ಲೆಕ್ಕಿಗರು ಮಣ್ಣನ್ನು ಮರೆತಾಗ ಏನಾಯಿತು ಎಂಬ ಎಚ್ಚರ. ಕಣಗಿನಹಾಳದಲ್ಲಿ 1905ರಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಈ ಎರಡೂ ಬೇಕು.